ಕೆರೆಗೆ ಬಿಡುವ ಪುಣ್ಯ

ಠಾಣೆಯ ಮಾಸುಂದಾ ಕೆರೆಯನ್ನು ಊರಿನವರು ತಲಾವ್ ಪಾಳಿ ಎನ್ನುತ್ತಾರೆ. ಸಂಜೆ ಹೊತ್ತಿಗೆ ಅಲ್ಲಿಗೆ ಪ್ಲಾಸ್ಟಿಕ್ ಚೀಲ ಹಿಡಿದು ಬರುವವರೆಲ್ಲ ಕಸ ಎಸೆಯಲು ಬಂದವರಲ್ಲ, ಕೆಲವರು ಪುಣ್ಯ ಕಟ್ಟಿಕೊಳ್ಳಲು ಬಂದವರು. ಚೀಲದಲ್ಲಿ ಅರ್ಧ ನೀರು, ತಳದಲ್ಲಿ ಗೋಲಿ ಗಾತ್ರದ ನಾಲ್ಕಾರು ಹಳದಿ ಬಸವನಹುಳು. ಮನೆಯ ಅಕ್ವೇರಿಯಮ್ಮಿನಲ್ಲಿ ಸಂಖ್ಯೆ ಹೆಚ್ಚಾಗಿದೆ, ಅಥವಾ ಮನೆ ಬದಲಾಯಿಸುತ್ತಿದ್ದಾರೆ, ಅಥವಾ ಮಗ ಹತ್ತನೇ ಕ್ಲಾಸಿಗೆ ಬಂದಿದ್ದಾನೆ. ಕೊಲ್ಲಲು ಕೈ ಬಾರದು, ಇಟ್ಟುಕೊಳ್ಳಲು ಮನಸ್ಸಿಲ್ಲ. ಹಾಗಾಗಿ ಕೆರೆ. ಕಲ್ಯಾಣದವರಿಗೆ ಕಾಳಾ ತಲಾವ್, ನವಿ ಮುಂಬಯಿಯವರಿಗೆ ಸೆಕ್ಟರಿನ ಪಾರ್ಕಿನ ಕೊಳ, ನಮ್ಮ ಡೊಂಬಿವಲಿಯಲ್ಲಿ ಹತ್ತಿರದ ನಾಲೆಯಾದರೂ ಆದೀತು. ಚೀಲ ಬಗ್ಗಿಸಿ, ಒಂದು ಕ್ಷಣ ನಿಂತು ನೋಡಿ, ರಿಕ್ಷಾ ಹತ್ತಿ ಹೋಗುತ್ತಾರೆ.

ಇದಕ್ಕೆ ಎಲ್ಲರೂ ಬಳಸುವ ಮಾತು ‘ಬಿಡುಗಡೆ’. ಮರಾಠಿಯಲ್ಲಿ ‘ಸೋಡೂನ್ ದಿಲಂ’, ಹಿಂದಿಯಲ್ಲಿ ‘ಛೋಡ್ ದಿಯಾ’, ಇಂಗ್ಲಿಷಿನಲ್ಲಿ ‘ರಿಲೀಸ್’. ಅನುವಾದ ನನ್ನ ಹೊಟ್ಟೆಪಾಡು. ಒಂದು ಪದ ತಪ್ಪಾಗಿ ಕೂತರೆ ಅದರ ಮುಂದಿನ ವಾಕ್ಯವೆಲ್ಲ ವಾಲುತ್ತದೆ ಎನ್ನುವುದು ನಮ್ಮ ಕಸುಬಿನ ದಿನನಿತ್ಯದ ಪಾಠ. ಬಿಡುಗಡೆ ಎನ್ನಬೇಕಾದರೆ ಆ ಜೀವ ಮೊದಲು ಅಲ್ಲಿಯದಾಗಿರಬೇಕು, ಅಲ್ಲಿಂದ ಯಾರೋ ಹಿಡಿದು ತಂದಿರಬೇಕು. ದಕ್ಷಿಣ ಅಮೆರಿಕದ ಮೂಲದ, ಚೆನ್ನೈನ ಕೊಳತ್ತೂರಿನಲ್ಲೋ ಇನ್ನೆಲ್ಲೋ ಸಿಮೆಂಟ್ ತೊಟ್ಟಿಯಲ್ಲಿ ಹುಟ್ಟಿದ ಹುಳುವನ್ನು ಠಾಣೆಯ ಕೆರೆಗೆ ಸುರಿದರೆ ಅದು ವಿಲೇವಾರಿ. ಕಸವನ್ನು ಮಾಡುತ್ತೇವಲ್ಲ, ಅದೇ. ವ್ಯತ್ಯಾಸವೆಂದರೆ ಕಸ ಎಸೆದವನಿಗೆ ತಾನು ಕಸ ಎಸೆದೆ ಎಂಬುದಾದರೂ ಗೊತ್ತಿರುತ್ತದೆ.

ನಾನೇ ಬಸವನಹುಳು ಸಾಕುವವಳು. ಸಾಕಬೇಡಿ ಎಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ಅಂಗಡಿಯಲ್ಲಿ ಕೊಳ್ಳುವಾಗ ಒಂದು ಸುಳ್ಳು, ಕೆರೆಗೆ ಹಾಕುವಾಗ ಇನ್ನೊಂದು ಸುಳ್ಳು, ಈ ಎರಡರ ನಡುವೆ ಒಂದು ಇಡೀ ಪ್ರಾಣಿ ಕಣ್ಣಿಗೇ ಬೀಳದೆ ಹೋಗುತ್ತಿದೆ ಎನ್ನುವುದು ನನ್ನ ತಕರಾರು.

ಮೊದಲ ಸುಳ್ಳು ಹೀಗೆ. ಮೀನಿನ ಅಂಗಡಿಗೆ ಹೋಗಿ ಗಾಜಿನ ಮೇಲೆ ಪಾಚಿ ಕಟ್ಟುತ್ತಿದೆ ಎನ್ನಿ. ಅಂಗಡಿಯವರು ಸಣ್ಣ ಬಲೆಯಲ್ಲಿ ನಾಲ್ಕು ಹುಳು ಎತ್ತಿ ಕವರಿಗೆ ಹಾಕುತ್ತಾರೆ. “ಟ್ಯಾಂಕ್ ಸಾಫ್ ರಖೇಗಾ. ಖಾನಾ ಭೀ ನಹೀಂ ದೇನಾ ಪಡೇಗಾ.” ತೊಟ್ಟಿ ಸ್ವಚ್ಛ ಇಡುತ್ತದೆ, ಊಟವನ್ನೂ ಹಾಕಬೇಕಿಲ್ಲ. ಈ ಹವ್ಯಾಸದ ಇಂಗ್ಲಿಷಿನಲ್ಲಿ ಇವಕ್ಕೆ ‘ಕ್ಲೀನಪ್ ಕ್ರೂ’ ಎಂಬ ಹೆಸರೇ ಇದೆ. ಸಾಕುಪ್ರಾಣಿ ಸಾಮಗ್ರಿಯ ಒಂದು ಕರಪತ್ರವನ್ನು ಕನ್ನಡಕ್ಕೆ ತರುವಾಗ ಆ ಪದ ಎದುರಾಯಿತು. ‘ಸಫಾಯಿ ಪಡೆ’ ಎಂದು ಬರೆದೆ. ಅರ್ಥದಲ್ಲಿ ಏನೂ ಕೊರತೆಯಿರಲಿಲ್ಲ, ಆದರೆ ಬರೆದ ಮೇಲೆ ಆ ಸಾಲು ತನ್ನಷ್ಟಕ್ಕೆ ಬೇರೇನನ್ನೋ ಹೇಳತೊಡಗಿತು. ಕೆಲಸ ಮಾಡಲಿ, ಊಟದ ಲೆಕ್ಕ ನಮ್ಮದಲ್ಲ. ಸತ್ತರೆ ಇನ್ನೊಂದು ತಂದರಾಯಿತು. ಹೆಚ್ಚಾದರೆ ಹೊರಗೆ ಹಾಕಿದರಾಯಿತು. ನಮ್ಮ ಊರುಗಳು ಗಟಾರ ತೊಳೆಯುವವರನ್ನು ನಡೆಸಿಕೊಂಡ ರೀತಿಯೇ ಎರಡು ಅಡಿ ಗಾಜಿನ ಪೆಟ್ಟಿಗೆಯೊಳಗೂ ಬಂದು ಕೂತಿದೆ. (ಸಂಸ್ಕೃತದಲ್ಲಿ ಈ ಪ್ರಾಣಿಗೆ ಶಂಬೂಕ ಎನ್ನುತ್ತಾರೆ. ತಪಸ್ಸು ಮಾಡಿದ್ದಕ್ಕೆ ತಲೆ ಕಳೆದುಕೊಂಡವನ ಹೆಸರೂ ಅದೇ. ಪದ ಒಂದೇ ಎನ್ನುವುದನ್ನಷ್ಟೇ ಹೇಳುತ್ತಿದ್ದೇನೆ.)

ಹಳ್ಳಿಗಾಡಿನ ಜನ ಇದಕ್ಕಿಂತ ಚೆನ್ನಾಗಿ ನೋಡಿದ್ದರು. ಕೋಡು ಕಂಡು ನಾವು ಬಸವನ ಹುಳು ಎಂದೆವು. ಮರಾಠಿಯವರು ಅದೇ ಕೋಡು ಕಂಡು ಗೋಗಲಗಾಯ್ ಎಂದರು. ನಮಗದು ಎತ್ತು, ಅವರಿಗೆ ಹಸು. ತೆಲುಗಿನ ನತ್ತ, ತಮಿಳಿನ ನತ್ತೈ, ತುಳುವಿನ ನರ್ತೆ ಒಂದೇ ಬೇರಿನವು. ಉಡುಪಿ ಕಡೆಯ ನಮ್ಮಂಥವರ ಮನೆಗಳಲ್ಲಿ ನರ್ತೆ ಮಳೆಗಾಲದ ಪದಾರ್ಥವೂ ಹೌದು. ಮರಾಠಿಯಲ್ಲಿ ಒಂದು ಗಾದೆಯಿದೆ, ‘ಗೋಗಲಗಾಯ್ ಆಣಿ ಪೋಟಾತ್ ಪಾಯ್’. ನೋಡಲು ಬಸವನಹುಳು, ಕಾಲಿರುವುದು ಹೊಟ್ಟೆಯೊಳಗೆ. ಮೇಲೆ ಸಾಧು, ಒಳಗೆ ಬೇರೆಯೇ ಲೆಕ್ಕ ಇರುವವರನ್ನು ಹೀಗೆನ್ನುತ್ತಾರೆ. ವಿಜ್ಞಾನಿಗಳು ಗ್ರೀಕಿನಿಂದ ಕಟ್ಟಿದ ಗ್ಯಾಸ್ಟ್ರೊಪಾಡ್ ಎಂಬ ಹೆಸರಿನ ಅರ್ಥವೂ ಅದೇ, ಹೊಟ್ಟೆಗಾಲು. ಕನ್ನಡ ಪಠ್ಯಗಳಲ್ಲಿ ಉದರಪಾದಿ. ಹುಳುವಿಗೆ ಹೊಟ್ಟೆಯಿದೆ ಎನ್ನುವುದನ್ನು ಗಾದೆ ಮರೆಯಲಿಲ್ಲ, ಗ್ರೀಕ್ ಮರೆಯಲಿಲ್ಲ. ‘ಊಟ ಹಾಕಬೇಕಿಲ್ಲ’ ಎನ್ನುವ ಅಂಗಡಿಯ ಭಾಷೆ ಮರೆತಿದೆ.

ಆ ಹೊಟ್ಟೆ ತಿನ್ನುವುದು ಏನನ್ನು? ಗಾಜಿನ ಮೇಲಿನ ಮೆತ್ತನೆಯ ಪಾಚಿ, ಕೊಳೆತ ಎಲೆ, ಮೀನು ಬಿಟ್ಟ ಕಾಳು, ಸತ್ತ ಮೀನು. ಮೀನಿನ ಹಿಕ್ಕೆಯನ್ನು ಅದು ತಿಂದು ಮುಗಿಸುವುದಿಲ್ಲ. ತಿಂದದ್ದನ್ನೆಲ್ಲ ತಾನೂ ಹಿಕ್ಕೆಯಾಗಿ ಹೊರಹಾಕುತ್ತದೆ, ಅದರಲ್ಲೂ ದೊಡ್ಡ ಹಳದಿ ಹುಳು ಧಾರಾಳವಾಗಿ ಹಾಕುತ್ತದೆ. ಗಾಜು ಹೊಳೆಯುತ್ತದೆ, ನೀರಿನ ಭಾರ ಹೆಚ್ಚುತ್ತದೆ. ಫಿಲ್ಟರ್ ಇಲ್ಲದ ದುಂಡು ಬೋಗುಣಿಯಲ್ಲಿ ಅಂಥ ಒಂದು ಹುಳು ಸತ್ತು ಎರಡು ದಿನ ಯಾರೂ ಗಮನಿಸದಿದ್ದರೆ ಏಳುವ ಅಮೋನಿಯಾಕ್ಕೆ ಮೀನುಗಳೂ ಹೋಗುತ್ತವೆ. ಆಮೇಲೆ ಅಂಗಡಿಗೆ ಹೋದರೆ ಅವರು ಒಂದು ಔಷಧಿ ಕೊಡುತ್ತಾರೆ. ಅದರಲ್ಲಿ ತಾಮ್ರವಿದ್ದರೆ ಉಳಿದ ಹುಳುಗಳೂ ಮುಗಿದವು. ತಾಮ್ರ ಅವಕ್ಕೆ ವಿಷ, ಸಣ್ಣ ಪ್ರಮಾಣವೂ ಸಾಕು.

ಇನ್ನು ಚಿಪ್ಪು. ಕಲ್ಯಾಣ-ಡೊಂಬಿವಲಿಗೆ ಬರುವುದು ಉಲ್ಹಾಸ್ ನದಿಯ ನೀರು, ನವಿ ಮುಂಬಯಿಗೆ ಮೊರ್ಬೆ ಅಣೆಕಟ್ಟಿನದು. ಎರಡೂ ಸಹ್ಯಾದ್ರಿಯ ಕಪ್ಪು ಬಂಡೆಯ ಮೇಲೆ ಬಿದ್ದ ಮಳೆಯ ನೀರು, ಬೋರ್‌ವೆಲ್ ನೀರಿನ ಹಾಗೆ ಸುಣ್ಣ ತುಂಬಿಕೊಂಡು ಬರುವುದಿಲ್ಲ. ಸಾಲದ್ದಕ್ಕೆ ಕೆಲವರು ಮೀನಿಗೆ ಒಳ್ಳೆಯದೆಂದು ಆರ್‌ಓ ನೀರು ಸುರಿಯುತ್ತಾರೆ. ಬಸವನಹುಳು ತನ್ನ ಮನೆ ಕಟ್ಟುವುದು ಸುಣ್ಣದಿಂದ. ನೀರಿನಲ್ಲಿ ಅದು ಸಿಗದಿದ್ದರೆ ಚಿಪ್ಪಿನ ತುದಿ ಬಿಳಿಚುತ್ತದೆ, ಆಮೇಲೆ ಕುಳಿ ಬೀಳುತ್ತದೆ, ಆಮೇಲೆ ಮೆಲ್ಲಗೆ ಕರಗುತ್ತದೆ. ಅಂಥ ಹುಳು ಎಷ್ಟೋ ಮನೆಗಳಲ್ಲಿವೆ, ‘ವಯಸ್ಸಾಯಿತು’ ಎಂದುಕೊಂಡಿರುತ್ತಾರೆ. ಗಿಳಿ ಪಂಜರಕ್ಕೆ ಸಿಕ್ಕಿಸುವ ಸಮುದ್ರಫೇನದ ಒಂದು ತುಂಡು, ಇಲ್ಲವೇ ತೊಳೆದು ಒಣಗಿಸಿ ಪುಡಿ ಮಾಡಿದ ಮೊಟ್ಟೆಯ ಸಿಪ್ಪೆ ಹಾಕಿದರೆ ಸಾಕು. ವಾರಕ್ಕೆರಡು ಸಲ ಬೇಯಿಸಿದ ಪಾಲಕ್ ಅಥವಾ ಸೌತೆಕಾಯಿ ಹೋಳು. ಇಷ್ಟನ್ನೂ ಮಾಡಲಾಗದವರು ಇದನ್ನು ಸಾಕಬಾರದು. ಸಫಾಯಿ ಬೇಕಿದ್ದರೆ ಹತ್ತು ರೂಪಾಯಿಯ ಸ್ಪಂಜು ಇದೆ.

ಈಗ ‘ಹೆಚ್ಚಾಯಿತು’ ಎನ್ನುವ ದೂರಿಗೆ ಬರೋಣ. ಕೆರೆಯ ಪ್ರಯಾಣ ಶುರುವಾಗುವುದು ಅಲ್ಲಿಂದಲೇ. ಎಲ್ಲ ಬಸವನಹುಳುವೂ ಒಂದೇ ರೀತಿ ಹೆಚ್ಚುವುದಿಲ್ಲ. ಅಂಗಡಿಯ ಹಳದಿ ಹುಳು ಸಾಮಾನ್ಯವಾಗಿ ಪೊಮೇಸಿಯ ಕುಲದ್ದು, ಹವ್ಯಾಸಿಗಳು ಆಪಲ್ ಸ್ನೇಲ್, ಮಿಸ್ಟರಿ ಸ್ನೇಲ್ ಎನ್ನುವುದು ಇದನ್ನೇ. ಇದರಲ್ಲಿ ಗಂಡು ಹೆಣ್ಣು ಬೇರೆ ಬೇರೆ. ‘ಒಂದೇ ತಂದಿದ್ದೆ, ಅದು ಹೇಗೆ ಮೊಟ್ಟೆ ಇಟ್ಟಿತು?’ ಎಂದು ಬೆರಗಾಗುವವರಿಗೆ ಉತ್ತರ ಇದು: ಕೂಡಿದ ಹೆಣ್ಣು ವೀರ್ಯವನ್ನು ತಿಂಗಳುಗಟ್ಟಲೆ ಕಾದಿಟ್ಟುಕೊಳ್ಳಬಲ್ಲದು. ರಾತ್ರಿ ನೀರಿನಿಂದ ಮೇಲೆ ಹತ್ತಿ, ಗಾಜಿನ ಒಣ ಭಾಗಕ್ಕೆ ಜೇನುಗೂಡಿನ ತುಣುಕಿನಂಥ ಗೊಂಚಲು ಅಂಟಿಸಿ ಇಳಿಯುತ್ತದೆ. ಅದರಲ್ಲಿ ನೂರಕ್ಕೂ ಮಿಕ್ಕಿ ಮೊಟ್ಟೆ ಇರಬಹುದು, ಒಡೆಯಲು ಎರಡು ಮೂರು ವಾರ ಬೇಕು. ಅಂದರೆ ನಿಮಗೆ ಯೋಚಿಸಲು ಎರಡು ವಾರ ಪುರುಸೊತ್ತು ಕೊಟ್ಟು, ನಿಮ್ಮ ಕಣ್ಣಮುಂದೆಯೇ ಮೊಟ್ಟೆ ಇಡುವ ಪ್ರಾಣಿ ಇದು. ಅದೇ ದಿನ ಗೊಂಚಲನ್ನು ಕಿತ್ತು, ಕಾಗದದಲ್ಲಿ ಸುತ್ತಿ ಎರಡು ದಿನ ಫ್ರೀಜರಿನಲ್ಲಿಟ್ಟು ಎಸೆದರೆ ಕಥೆ ಅಲ್ಲಿಗೆ ಮುಗಿಯಿತು. ಭ್ರೂಣ ಬೆಳೆಯುವ ಮೊದಲೇ ಮಾಡಬೇಕು, ಅಷ್ಟೇ.

ಗಿಡದ ಜೊತೆ ಪುಕ್ಕಟೆ ಬರುವವು ಬೇರೆ. ಚೂಪು ತುದಿಯನ್ನು ಮೇಲೆ ಮಾಡಿ ಹಿಡಿದಾಗ ಬಾಯಿ ಎಡಕ್ಕೆ ಇದ್ದರೆ ಅದು ಫೈಸ, ಉತ್ತರ ಅಮೆರಿಕದಿಂದ ಹೊರಟು ಲೋಕವೆಲ್ಲ ಹಬ್ಬಿದ ಪುಟ್ಟ ಹುಳು. ಒಂದೇ ದೇಹದಲ್ಲಿ ಗಂಡೂ ಹೆಣ್ಣೂ. ಜೊತೆಗಾರ ಸಿಗದಿದ್ದರೆ ಒಂಟಿಯಾಗಿಯೇ ಸಂತಾನ ಮಾಡುತ್ತದೆ. ಗಟಾರದ ನೀರಿನಲ್ಲೂ ಬದುಕುತ್ತದೆ, ಏಕೆಂದರೆ ಮೇಲೆ ಬಂದು ಗಾಳಿ ಉಸಿರಾಡುತ್ತದೆ. ಮಣ್ಣಿನಲ್ಲಿ ಹುದುಗಿ ರಾತ್ರಿ ಹೊರಬರುವ ಉದ್ದ ಶಂಖದ ಹುಳುವನ್ನು ‘ಮಲೇಷಿಯನ್ ಟ್ರಂಪೆಟ್’ ಎಂದು ಮಾರುತ್ತಾರೆ. ಹೆಸರಿನಲ್ಲಿ ಮಲೇಷಿಯ ಇದ್ದರೂ ಈ ಮೆಲನಾಯ್ಡಿಸ್ ನಮ್ಮ ನದಿ ಕೆರೆಗಳ ಹಳೆಯ ನಿವಾಸಿ. ತನ್ನೂರಿನದನ್ನೇ ವಿದೇಶಿ ಹೆಸರಿನಲ್ಲಿ ಕಾಸು ಕೊಟ್ಟು ಕೊಳ್ಳುವುದು ನಮಗೆ ಹೊಸತೇನಲ್ಲ. ಇದು ಮೊಟ್ಟೆಯಿಡದೆ ಮರಿ ಹಾಕುತ್ತದೆ, ಬಹುಪಾಲು ಹೆಣ್ಣೇ, ಗಂಡಿನ ಹಂಗಿಲ್ಲ. ಪಟ್ಟೆ ಪಟ್ಟೆಯ ನೆರೈಟ್ ಮಾತ್ರ ಸಿಹಿನೀರಿನ ತೊಟ್ಟಿಯಲ್ಲಿ ಹೆಚ್ಚುವುದೇ ಇಲ್ಲ. ಅದರ ಮರಿಗಳಿಗೆ ಬದುಕಲು ಉಪ್ಪು ಸೇರಿದ ನೀರು ಬೇಕು. ಹೆಚ್ಚಾಗುವ ಭಯ ಇರುವವರಿಗೆ ಅಂಗಡಿಯವರು ಹೇಳಬೇಕಾದ ಹೆಸರು ಅದು.

ಯಾವ ಜಾತಿಯೇ ಆಗಲಿ, ತೊಟ್ಟಿಯಲ್ಲಿ ಬಸವನಹುಳುವಿನ ಪ್ರಳಯ ಎಂದರೆ ಆಹಾರದ ಪ್ರಳಯ. ಮೀನು ಎರಡು ನಿಮಿಷದಲ್ಲಿ ತಿನ್ನುವಷ್ಟು ಹಾಕಿದರೆ ಹುಳುವಿಗೆ ಉಳಿಯುವುದು ಅಲ್ಪ, ಅಲ್ಪಕ್ಕೆ ತಕ್ಕಷ್ಟೇ ಹುಳು. ಬೆಳಿಗ್ಗೆ ಅಪ್ಪ ಒಂದು ಚಿಟಿಕೆ, ಮಧ್ಯಾಹ್ನ ಅಜ್ಜಿ ಒಂದು ಚಿಟಿಕೆ, ಸಂಜೆ ಮಗು ಪ್ರೀತಿಯಿಂದ ಅರ್ಧ ಡಬ್ಬಿ ಸುರಿದರೆ, ಉಳಿದ ಕಾಳೆಲ್ಲ ತಿಂಗಳೊಳಗೆ ಚಿಪ್ಪು ಹೊತ್ತು ಗಾಜು ಹತ್ತುತ್ತದೆ. ಇದನ್ನು ಕಂಡು ಹುಳುವಿಗೆ ‘ಪೆಸ್ಟ್’ ಎನ್ನುತ್ತಾರೆ! ತಿಂಗಳ ಹಿಂದೆ ಸಫಾಯಿ ಪಡೆ, ಈಗ ಪೀಡೆ. ನಡುವೆ ಹುಳು ಬದಲಾಗಿಲ್ಲ. ರಾತ್ರಿ ಒಂದು ಸೌತೆಕಾಯಿ ಹೋಳು ತಳಕ್ಕೆ ಬಿಟ್ಟು ಬೆಳಿಗ್ಗೆ ಎತ್ತಿದರೆ ಹತ್ತಾರು ಹುಳು ಅದಕ್ಕೆ ಅಂಟಿರುತ್ತವೆ. ಅವನ್ನು ಏನು ಮಾಡಬೇಕು ಎನ್ನುವ ಪ್ರಶ್ನೆಯನ್ನು ನಾನು ತಪ್ಪಿಸಿಕೊಳ್ಳುವುದಿಲ್ಲ, ಮುಂದೆ ಬರುತ್ತೇನೆ.

ಕೆರೆಗೆ ಸುರಿದವು ಏನಾಗುತ್ತವೆ? ಎರಡೇ ದಾರಿ. ಒಂದು, ಸಾಯುತ್ತವೆ. ಎಣ್ಣೆ, ಸೋಪು, ಹೂವಿನ ಹಾರ ಸೇರಿದ ನೀರಿನಲ್ಲಿ, ಇಲ್ಲವೇ ಹಕ್ಕಿಯ ಕೊಕ್ಕಿನಲ್ಲಿ. ಆಗ ನೀವು ಉಳಿಸಿದ್ದು ಜೀವವನ್ನಲ್ಲ, ಸಾವನ್ನು ನೋಡುವ ಕಷ್ಟವನ್ನು. ಇನ್ನೊಂದು, ಬದುಕುತ್ತವೆ. ಅದು ಮೊದಲಿನದಕ್ಕಿಂತ ಕೆಟ್ಟದ್ದು.

ಯಾಕೆ ಕೆಟ್ಟದ್ದು ಎನ್ನುವುದಕ್ಕೆ ಈ ದೇಶದಲ್ಲೇ ಹಳೆಯ ಉದಾಹರಣೆಯಿದೆ. 1847ರಲ್ಲಿ ಬೆನ್ಸನ್ ಎಂಬ ಬ್ರಿಟಿಷ್ ಅಧಿಕಾರಿ, ಚಿಪ್ಪುಜೀವಿಗಳ ಹುಚ್ಚಿನವನು, ಮಾರಿಷಸ್‌ನಿಂದ ತಂದ ಆಫ್ರಿಕಾದ ದೈತ್ಯ ಬಸವನಹುಳುಗಳು ಕಲ್ಕತ್ತೆಯ ಚೌರಂಗಿಯ ತೋಟ ಸೇರಿದವು. ಹವ್ಯಾಸಿಯೊಬ್ಬನ ನಾಲ್ಕು ಹುಳು! ಇವತ್ತು ಕೊಡಗಿನ ಶನಿವಾರಸಂತೆಯ ಕಾಫಿ ಬೆಳೆಗಾರರು ಮಳೆಗಾಲದಲ್ಲಿ ಚೀಲಗಟ್ಟಲೆ ಆರಿಸುತ್ತಿರುವುದು ಆ ಜಾತಿಯನ್ನೇ. 2022ರ ಮುಂಗಾರಿನಲ್ಲಿ ಮರಾಠವಾಡದ ಲಾತೂರು, ಬೀಡ್ ಕಡೆ ಸೋಯಾಬೀನ್ ಮೊಳಕೆಯನ್ನು ಬಸವನಹುಳು ಸವರಿಹಾಕಿ, ರೈತರು ಎರಡನೆಯ ಸಲ ಬಿತ್ತಿದ ಸುದ್ದಿ ಮರಾಠಿ ಪತ್ರಿಕೆಗಳಲ್ಲಿ ವಾರಗಟ್ಟಲೆ ಬಂತು. ‘ಶಂಖಿ ಗೋಗಲಗಾಯ್’ ಎಂಬ ಪದ ಮುಂಬಯಿಯ ಲೋಕಲ್ ಟ್ರೇನಿನವರಿಗೂ ಪರಿಚಯವಾದದ್ದು ಆಗ.

ಅದು ನೆಲದ ಹುಳು, ನಮ್ಮದು ನೀರಿನದು ಎಂದೀರಿ. ಸರಿ, ನೀರಿನದನ್ನೇ ನೋಡೋಣ. 1980ರ ಸುಮಾರಿಗೆ ಅರ್ಜೆಂಟೀನಾದಿಂದ ತೈವಾನಿಗೆ ಪೊಮೇಸಿಯ ಹುಳು ಬಂತು, ತಿನ್ನಲು ಬೆಳೆಸಿ ರಫ್ತು ಮಾಡುವ ಆಸೆಯಿಂದ. ಜನರಿಗೆ ರುಚಿ ಹಿಡಿಸಲಿಲ್ಲ, ಧಂದೆ ಬಿತ್ತು, ಸಾಕಿದವರು ಹೊರಗೆ ಬಿಟ್ಟರು. ಗಮನಿಸಿ, ಅವರೂ ‘ಬಿಟ್ಟರು’. ಹುಳು ಗದ್ದೆಗೆ ಇಳಿದು ಎಳೆ ಭತ್ತದ ಪೈರನ್ನು ಬುಡದಲ್ಲೇ ಕತ್ತರಿಸತೊಡಗಿತು. ಫಿಲಿಪೀನ್ಸ್, ವಿಯೆಟ್ನಾಂ, ಥಾಯ್ಲೆಂಡ್ ಎಲ್ಲ ಕಡೆ ಅದೇ ಕಥೆ. ಪೊಮೇಸಿಯ ಕೆನಾಲಿಕ್ಯುಲೇಟ ಎಂಬ ಆ ಹುಳು ಇಂದು ಜಗತ್ತಿನ ನೂರು ಕಡುಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಸ್ಪೇನಿನ ಎಬ್ರೊ ನದಿಯ ಭತ್ತದ ಬಯಲಿಗೆ ಪೊಮೇಸಿಯ ಹೊಕ್ಕ ಮೇಲೆ ಯುರೋಪಿಯನ್ ಒಕ್ಕೂಟ 2012ರಲ್ಲಿ ಇಡೀ ಕುಲವನ್ನೇ ನಿಷೇಧಿಸಿತು.

ತಿಳಿದವರು ಇಲ್ಲಿ ಕೈ ಎತ್ತುತ್ತಾರೆ: ನಮ್ಮ ಅಂಗಡಿಗಳಲ್ಲಿ ಮಾರುವ ಹಳದಿಯದು ಡಿಫ್ಯೂಸ, ಕೆನಾಲಿಕ್ಯುಲೇಟ ಅಲ್ಲ, ಅದು ಅಂಥ ಹೊಟ್ಟೆಬಾಕನಲ್ಲ. ನಿಜ. ಡಿಫ್ಯೂಸ ಕೊಳೆತದ್ದನ್ನು ಹೆಚ್ಚು ಇಷ್ಟಪಡುತ್ತದೆ, ಗಟ್ಟಿ ಗಿಡವನ್ನು ಸಾಮಾನ್ಯವಾಗಿ ಬಿಡುತ್ತದೆ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಬೇರ್ಪಡಿಸಲು ಚಿಪ್ಪಿನ ಸುರುಳಿಗಳು ಕೂಡುವ ಗೆರೆ ನೋಡಬೇಕು, ಆಳವಾದ ಕಾಲುವೆಯಂತಿದೆಯೋ ಚಪ್ಪಟೆಯಾಗಿದೆಯೋ ಎಂದು. ಇಲ್ಲವೇ ಮೊಟ್ಟೆಯ ಬಣ್ಣ ಕಾಯಬೇಕು, ಕಣ್ಣು ಕುಕ್ಕುವ ಗುಲಾಬಿಯೋ ಮಾಸಲೋ ಎಂದು. ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಹತ್ತಡಿ ಅಂಗಡಿಯಲ್ಲಿ ನೂರು ಹುಳುವಿನ ಕವರ್ ಬಿಚ್ಚುವವರು ಇದನ್ನು ನೋಡುತ್ತಾರೆಯೇ? ಅವರ ಬೋರ್ಡಿನಲ್ಲಿ ಹೆಸರೇ ಇಲ್ಲ, ‘ಗೋಲ್ಡನ್’ ಎಂದಿದೆ. ಹೆಸರಿಲ್ಲದ ಸರಕು ನಿರಪಾಯಕಾರಿ ಎಂದು ನಂಬಬೇಕಾದರೆ ನಂಬಿಕೆ ಬಹಳ ಬೇಕು. ಉಲ್ಹಾಸ್ ನದಿ ಕರ್ಜತ್, ಬದಲಾಪುರ ದಾಟಿ ಕಲ್ಯಾಣಕ್ಕೆ ಬರುತ್ತದೆ. ಕರ್ಜತ್, ಮುರಬಾಡ್, ಶಹಾಪುರ, ಭಿವಂಡಿಗಳಲ್ಲಿ ಇನ್ನೂ ಭತ್ತ ಬೆಳೆಯುವವರಿದ್ದಾರೆ. ಜೂಜಿಗೆ ಒಡ್ಡುತ್ತಿರುವುದು ಅವರ ಗದ್ದೆಯನ್ನು, ನಮ್ಮ ಡ್ರಾಯಿಂಗ್ ರೂಮನ್ನಲ್ಲ.

ಇನ್ನೊಂದು ಆಕ್ಷೇಪ ಸೊಸೈಟಿಯ ಮೀಟಿಂಗಿನಲ್ಲಿ ಖಾತ್ರಿಯಾಗಿ ಬರುತ್ತದೆ. ಡೊಂಬಿವಲಿಯ ಎಂಐಡಿಸಿ ಪ್ರದೇಶದಲ್ಲಿ 2014ರಲ್ಲಿ ಹಸಿರು ಮಳೆ ಬಿತ್ತು, 2020ರಲ್ಲಿ ರಸ್ತೆಯೇ ಗುಲಾಬಿಯಾಯಿತು. ಅಂಥ ಕಾರ್ಖಾನೆಗಳನ್ನು ಬಿಟ್ಟು ನಮ್ಮ ಎರಡು ಹುಳುವಿನ ಹಿಂದೆ ಬಿದ್ದಿದ್ದೀಯಲ್ಲ ಎಂದು. ಕಾರ್ಖಾನೆಯನ್ನು ನಾನು ಬಿಟ್ಟಿಲ್ಲ, ಆ ಅರ್ಜಿಗಳಿಗೂ ಸಹಿ ಹಾಕಿದ್ದೇನೆ. ಆದರೆ ಎರಡೂ ಒಂದೇ ಜಾತಿಯ ತೊಂದರೆಯಲ್ಲ. ಬಣ್ಣದ ನೀರಿನ ಕೊಳವೆಯನ್ನು ಇವತ್ತು ಮುಚ್ಚಿದರೆ ನಾಳೆಯಿಂದ ಅದು ಕಮ್ಮಿಯಾಗುತ್ತ ಹೋಗುತ್ತದೆ. ರಸಾಯನ ಮರಿ ಹಾಕುವುದಿಲ್ಲ. ಹುಳುವಿನ ಕೊಳವೆಯನ್ನು ಮುಚ್ಚಿದ ಮೇಲೂ ಒಳಗಿದ್ದದ್ದು ಹೆಚ್ಚುತ್ತಲೇ ಇರುತ್ತದೆ. ಮೇಲಾಗಿ ಕಾರ್ಖಾನೆಯ ಕೊಳವೆಗೆ ಬೀಗ ಹಾಕುವ ಅಧಿಕಾರ ನಮ್ಮ ಕೈಯಲ್ಲಿಲ್ಲ, ಪ್ಲಾಸ್ಟಿಕ್ ಚೀಲ ನಮ್ಮ ಕೈಯಲ್ಲೇ ಇದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಅಹಿಂಸೆಯದು. ಅದನ್ನು ಗೌರವದಿಂದಲೇ ಎದುರಿಸಬೇಕು. ನಮ್ಮ ಮೇಲಿನ ಮಹಡಿಯಲ್ಲಿ ಧಾರವಾಡ ಕಡೆಯ ಮೌಶಿಯೊಬ್ಬರಿದ್ದಾರೆ. ಅವರ ಮೊಮ್ಮಗನ ತೊಟ್ಟಿಯಲ್ಲಿ ಹುಳು ಹೆಚ್ಚಾದಾಗ ಕೆರೆಗೆ ಬೇಡವೆಂದು ಹೇಳಲು ಹೋಗಿದ್ದೆ. “ಕೊಂದ್ರ ಪಾಪ ಹತ್ತತದವಾ. ಕೆರಿಗೆ ಬಿಟ್ಟುಬಿಟ್ರ ಅದರ ಹಣೇಬಾರ ಅದು ನೋಡ್ಕೋತದ” ಎಂದರು. ನೊಣ ಹೊಡೆಯಲೂ ಹಿಂಜರಿಯುವ ಮನೆ ಅದು, ಮಾತು ನಾಟಕವಲ್ಲ. ಆದರೂ ಆ ಎರಡನೆಯ ವಾಕ್ಯದಲ್ಲಿ ಕರ್ತೃ ಪದ ಬದಲಾದದ್ದನ್ನು ಭಾಷಾಶಾಸ್ತ್ರ ಓದಿದ ಕಿವಿ ಬಿಡುವುದಿಲ್ಲ. ಕೊಳ್ಳುವಾಗ ನಾವು ಕೊಂಡೆವು, ಅತಿಯಾಗಿ ಉಣಿಸುವಾಗ ನಾವು ಉಣಿಸಿದೆವು, ಕೊನೆಯ ಹೆಜ್ಜೆಯಲ್ಲಿ ಮಾತ್ರ ‘ಅದು ನೋಡ್ಕೋತದ’. ಸಾಕಿದವರು ವಾಕ್ಯದಿಂದ ನುಣುಚಿಕೊಂಡರು. ಅಹಿಂಸೆ ಎಂದರೆ ನನ್ನ ಕೈಯಿಂದ ಆಗದಿರುವುದು ಎಂದಷ್ಟೇ ಆದರೆ, ಕೆರೆಯಲ್ಲಿ ಸಾಯುವ ಹುಳು, ಅದರಿಂದ ಜಾಗ ಕಳೆದುಕೊಳ್ಳುವ ಊರಿನ ಹುಳು, ಇವುಗಳ ಲೆಕ್ಕವನ್ನು ಯಾರು ಬರೆಯಬೇಕು?

ಹಾಗಾದರೆ ಏನು ಮಾಡಬೇಕು? ಆಗಲೇ ಮುಂದಕ್ಕೆ ಹಾಕಿದ ಪ್ರಶ್ನೆ ಇದು. ನಿಜವಾಗಿ ಕ್ರೌರ್ಯ ಬೇಡವೆಂದರೆ ಕೆಲಸ ಮೊದಲೇ ಇದೆ: ಕಡಿಮೆ ಕಾಳು ಹಾಕಿ, ಗೊಂಚಲನ್ನು ಅದೇ ದಿನ ತೆಗೆಯಿರಿ, ಹೊಸ ಗಿಡವನ್ನು ಬೇರೆ ಬಕೆಟ್ಟಿನಲ್ಲಿ ಎರಡು ವಾರ ಇಟ್ಟು ನೋಡಿ, ಹೆಚ್ಚದ ಜಾತಿಯನ್ನೇ ತನ್ನಿ. ಆಮೇಲೂ ಹೆಚ್ಚಾದರೆ ಇನ್ನೊಬ್ಬ ಸಾಕುವವರಿಗೆ ಕೊಡಿ. ಅದೂ ಆಗದಿದ್ದರೆ ಕೊಲ್ಲಬೇಕು. ಗಟ್ಟಿ ಚೀಲದಲ್ಲಿಟ್ಟು ಒಂದೇ ಏಟಿಗೆ ಜಜ್ಜುವುದು ಎಲ್ಲಕ್ಕಿಂತ ಬೇಗ ಮುಗಿಯುವ ಸಾವು. ಉಪ್ಪು ಸುರಿಯುವುದು, ಕಮೋಡಿಗೆ ಹಾಕಿ ನೀರು ಬಿಡುವುದು, ಬಾಲ್ಕನಿಯ ಬಿಸಿಲಲ್ಲಿ ಒಣಗಿಸುವುದು, ಇವು ಮೂರೂ ನಿಧಾನದ ಹಿಂಸೆ. ಸಣ್ಣ ಹುಳುವನ್ನು ಜಜ್ಜಿ ಹಾಕಿದರೆ ಮೀನುಗಳು ತಿನ್ನುತ್ತವೆ. ಓದಲು ಮುಜುಗರವಾಗುತ್ತದೆ ಎಂದು ಗೊತ್ತು, ಬರೆಯಲೂ ಆಯಿತು. ಆ ಮುಜುಗರವನ್ನು ಸಾಕುವವರ ಮನೆಯೇ ಹೊರಬೇಕು, ಕೆರೆ ಹೊರಬಾರದು.

ಊರಿನ ಹುಳು ಎಂದೆ, ಅದರ ಬಗ್ಗೆ ಎರಡು ಮಾತು. ಈ ದೇಶಕ್ಕೆ ತನ್ನದೇ ಆಪಲ್ ಸ್ನೇಲ್ ಇದೆ, ಪೈಲಾ. ಪ್ರಾಣಿಶಾಸ್ತ್ರ ಓದಿದ ಒಂದು ಇಡೀ ತಲೆಮಾರು ಲ್ಯಾಬಿನಲ್ಲಿ ಕೊಯ್ದು ಕಲಿತದ್ದು ಇದನ್ನೇ. ಬೈನಿ ಪ್ರಸಾದ್ 1932ರಲ್ಲಿ ಇದೊಂದರ ಮೇಲೆಯೇ ಪುಸ್ತಕ ಬರೆದರು. ಕಿವಿರೂ ಇದೆ, ಶ್ವಾಸಕೋಶವೂ ಇದೆ. ಬೇಸಿಗೆಯಲ್ಲಿ ಕೆರೆ ಬತ್ತಿದರೆ ಕೆಸರಿನೊಳಗೆ ಇಳಿದು, ಬಾಗಿಲು ಮುಚ್ಚಿಕೊಂಡು, ಮಳೆಗೆ ಕಾಯುತ್ತದೆ. ಮುಂಗಾರಿನ ಮೊದಲ ನೀರಿಗೆ ಬಾಗಿಲು ತೆರೆಯುವ ಇಂಥ ಜೀವ ನಮ್ಮದಾಗಿರುವಾಗ ಹೊರಗಿನದನ್ನು ತಂದು ಅದರ ಪಕ್ಕಕ್ಕೆ ಸುರಿಯುವುದರಲ್ಲಿ ಅರ್ಥವಿಲ್ಲ. ರಂಗನತಿಟ್ಟಿನಲ್ಲಿ ಗೂಡು ಕಟ್ಟುವ ಬಾಯ್ಕಳಕ ಕೊಕ್ಕರೆಯನ್ನು ನೋಡಿದವರಿಗೆ ಅದರ ಕೊಕ್ಕಿನ ನಡುವಿನ ಸಂದು ನೆನಪಿರಬೇಕು. ಆ ಹಕ್ಕಿಯ ಮುಖ್ಯ ಆಹಾರ ಪೈಲಾ. ಕೆರೆಯೆಂಬುದು ಖಾಲಿ ಪಾತ್ರೆಯಲ್ಲ, ಅಲ್ಲಿ ಆಗಲೇ ಮನೆ ಮಾಡಿ ಕೂತವರಿದ್ದಾರೆ.

ಹಾಗೆಂದು ನಾಳೆ ಬೆಳಿಗ್ಗೆ ಕೆರೆಗಿಳಿದು ದೇಶಿ ಹುಳು ಆರಿಸಿ ತರಬೇಡಿ. ಬಸವನಹುಳು ಹಲವು ಪರಾವಲಂಬಿಗಳ ನಡುದಾರಿಯ ಛತ್ರ. ಇದೇ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಗಿಮ್ವಿ ಎಂಬ ಹಳ್ಳಿಯಲ್ಲಿ 1950ರ ದಶಕದ ಆರಂಭದಲ್ಲಿ ಮನುಷ್ಯರ ಮೂತ್ರದಲ್ಲಿ ರಕ್ತ ಬರಿಸುವ ಶಿಸ್ಟೊಸೋಮ ರೋಗ ಪತ್ತೆಯಾಯಿತು. ಅದನ್ನು ದಾಟಿಸುತ್ತಿದ್ದದ್ದು ಫೆರಿಸ್ಸಿಯ ಎಂಬ ಎಳ್ಳಿನಷ್ಟಗಲದ ಸಿಹಿನೀರಿನ ಚಿಪ್ಪುಜೀವಿ ಎಂದು ಗುರುತಿಸಿದರು. ನಮ್ಮ ದೊಡ್ಡ ಚಪ್ಪಟೆ ಸುರುಳಿಯ ಇಂಡೊಪ್ಲಾನಾರ್ಬಿಸ್ ದನಗಳ ಮೂಗಿಗೆ ಗೊರಕೆ ರೋಗ ದಾಟಿಸುತ್ತದೆ. ತೊಟ್ಟಿಯಲ್ಲೇ ತಲೆಮಾರುಗಳಿಂದ ಬೆಳೆದವುಗಳಲ್ಲಿ ಈ ಭಯ ಕಡಿಮೆ. ಆದರೂ ತೊಟ್ಟಿಗೆ ಕೈ ಹಾಕಿದ ಮೇಲೆ ಸೋಪಿನಲ್ಲಿ ತೊಳೆಯಿರಿ, ಮಕ್ಕಳಿಗೂ ತೊಳೆಸಿ.

ಕಾನೂನು ಮಲಗಿದೆಯೇ ಎಂದರೆ ಪೂರ್ತಿ ಮಲಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ, ಆಕ್ರಮಣಕಾರಿ ಅನ್ಯದೇಶಿ ಜೀವಿಗಳ ಆಮದು, ಮಾರಾಟ, ಸಾಕಣೆಯನ್ನು ನಿಯಂತ್ರಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಆದರೆ ದಿಲ್ಲಿಯ ಗೆಜೆಟ್ಟಿಗೂ ಹತ್ತಡಿ ಅಂಗಡಿಗೂ ಬಹಳ ದೂರ. ಹತ್ತಿರದ ದಾರಿ ಬೇರೆ ಇದೆ, ಅದನ್ನು ಠಾಣೆಯೇ ತೋರಿಸಿದೆ. ಕೆರೆಗಳ ಊರೆಂದು ಹೆಸರಾದ ಈ ಪಟ್ಟಣ ಗಣಪತಿಯನ್ನು ಕೆರೆಗೆ ಬಿಡಬೇಡಿ, ಪಕ್ಕದಲ್ಲಿ ಕಟ್ಟಿದ ಕೃತಕ ಕೊಳಕ್ಕೆ ಬಿಡಿ ಎಂದು ಜನರನ್ನು ಒಪ್ಪಿಸಿದ ಮೊದಲ ಊರುಗಳಲ್ಲೊಂದು. ಶುರುವಿನಲ್ಲಿ ಎಷ್ಟು ಕೂಗಾಟ, ಧರ್ಮಕ್ಕೆ ಧಕ್ಕೆ ಎಂದು! ಈಗ ಕುಟುಂಬ ಸಮೇತ ಸಾಲಿನಲ್ಲಿ ನಿಲ್ಲುತ್ತಾರೆ. ದೇವರ ವಿಷಯದಲ್ಲಿ ಇಷ್ಟು ದೊಡ್ಡ ರೂಢಿಯನ್ನು ಬದಲಿಸಿಕೊಂಡ ಜನಕ್ಕೆ ಬಸವನಹುಳುವಿನ ವಿಷಯದಲ್ಲಿ ಆಗುವುದಿಲ್ಲವೇ?

ಠಾಣೆ, ಕಲ್ಯಾಣ-ಡೊಂಬಿವಲಿ, ನವಿ ಮುಂಬಯಿ ಮೂರೂ ಮಹಾನಗರಪಾಲಿಕೆಗಳ ಮುಂದೆ ನನ್ನ ಬೇಡಿಕೆ ಸಣ್ಣದು. ಅಕ್ವೇರಿಯಂ ಅಂಗಡಿಯ ಲೈಸೆನ್ಸಿಗೆ ಎರಡು ಷರತ್ತು ಸೇರಿಸಿ: ಪ್ರತಿ ತೊಟ್ಟಿಯ ಮೇಲೆ ಜಾತಿಯ ಪೂರ್ತಿ ಹೆಸರು ಬರೆದಿರಬೇಕು, ಮಾರಿದ ಹುಳುವನ್ನು ಗಿರಾಕಿ ವಾಪಸು ತಂದರೆ ಬೇಡವೆನ್ನಬಾರದು. ಅದರ ಜೊತೆಗೆ ಪ್ರತಿ ದೊಡ್ಡ ಕೆರೆಯ ಗೇಟಿನ ಹತ್ತಿರ ಮುಚ್ಚಳವಿರುವ ಒಂದು ನೀಲಿ ಡ್ರಮ್ಮು, ಮನೆಯಲ್ಲಿ ಇಟ್ಟುಕೊಳ್ಳಲಾಗದ ಮೀನು, ಆಮೆ, ಬಸವನಹುಳು ತಂದು ಹಾಕಲು, ಮತ್ತು ದಿನಕ್ಕೊಮ್ಮೆ ಅದನ್ನು ನೋಡಿಕೊಳ್ಳಲು ಸಂಬಳದ ಒಬ್ಬ ಮನುಷ್ಯ. ಡ್ರಮ್ಮಿನ ಮೇಲಿನ ಫಲಕವನ್ನು ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ನಾನು ಪುಕ್ಕಟೆ ಬರೆದುಕೊಡುತ್ತೇನೆ. ‘ಇಲ್ಲಿ ಬಿಡಿ’ ಎಂದು ಬರೆಯುವುದಿಲ್ಲ, ‘ಇಲ್ಲಿ ಒಪ್ಪಿಸಿ’ ಎಂದು ಬರೆಯುತ್ತೇನೆ.